ವೈದ್ಯೆಯಾಗಲು ನಾನು ತಕ್ಕವಳೇ? ದಾವಣಗೆರೆಯ ಒಂದು ವೃತ್ತಿ ಮಾರ್ಗದರ್ಶನ ಕೇಂದ್ರದಲ್ಲಿ ಕಂಡದ್ದು

ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿರುವ ಮಗಳನ್ನು ಕಳೆದ ದಸರಾ ರಜೆಯಲ್ಲಿ ವಿದ್ಯಾನಗರದ ಕಡೆಯ ಒಂದು ವೃತ್ತಿ ಮಾರ್ಗದರ್ಶನ ಕೇಂದ್ರಕ್ಕೆ ಕರೆದುಕೊಂಡು ಹೋಗಿದ್ದೆ. ಕಂಪ್ಯೂಟರಿನಲ್ಲಿ ಎರಡೂವರೆ ಗಂಟೆಯ ಆಪ್ಟಿಟ್ಯೂಡ್ (ಅಭಿಕ್ಷಮತೆ, ಅಂದರೆ ಕಲಿಯುವ ಸಹಜ ಶಕ್ತಿ) ಪರೀಕ್ಷೆ, ಅದರ ಮುದ್ರಿತ ವರದಿ, ವರದಿ ಬಂದ ಮೇಲೆ ಒಂದು ಗಂಟೆಯ ಆಪ್ತಸಮಾಲೋಚನೆ, ಆರು ತಿಂಗಳೊಳಗೆ ಮತ್ತೊಂದು ಭೇಟಿ, ಇಷ್ಟೂ ಸೇರಿ 3,500 ರೂಪಾಯಿ ತೆಗೆದುಕೊಂಡರು. ಕೇಂದ್ರದ ಹೆಸರನ್ನು ನಾನು ಬರೆಯುತ್ತಿಲ್ಲ, ಏಕೆಂದರೆ ಅಲ್ಲಿ ಕಂಡ ಕೊರತೆ ಅದೊಂದೇ ಕೇಂದ್ರದ್ದಲ್ಲ, ಈ ಬಗೆಯ ಸೇವೆಯಲ್ಲೇ ಇರುವಂಥದ್ದು. ಅಲ್ಲಿ ಸಿಕ್ಕ ಒಳ್ಳೆಯದು ಕೂಡ ಕೇಂದ್ರದ್ದಲ್ಲ, ಅಲ್ಲಿ ಕೆಲಸ ಮಾಡುವ ಒಬ್ಬ ಹೆಣ್ಣುಮಗಳದ್ದು. ಮಕ್ಕಳನ್ನು ವೈದ್ಯಕೀಯಕ್ಕೆ ಕಳಿಸುವುದೋ ಬೇಡವೋ ಎಂದು ಇಂಥ ಕಡೆ ಹೋಗಿ ಕೇಳಬೇಕೆಂದಿರುವ ತಂದೆತಾಯಿಯರಿಗೆ, ಅದಕ್ಕಿಂತ ಮುಖ್ಯವಾಗಿ ಆ ಮಕ್ಕಳಿಗೆ, ದುಡ್ಡನ್ನು ಯಾವುದಕ್ಕೆ ಕೊಡಬೇಕು, ಯಾವುದಕ್ಕೆ ಕೊಡಬಾರದು ಎಂಬುದು ತಿಳಿಯಲಿ ಎಂದು ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ನಾವು ಹೋದದ್ದು ಏಕೆ ಎಂಬುದನ್ನು ಮೊದಲು ಹೇಳಬೇಕು. ದಾವಣಗೆರೆಯಲ್ಲಿ ವಿಜ್ಞಾನ ಚೆನ್ನಾಗಿ ಬರುವ ಮಗುವನ್ನು ಡಾಕ್ಟರ್ ಆಗುತ್ತೀಯಾ ಎಂದು ಯಾರೂ ಕೇಳುವುದಿಲ್ಲ. ಆಗುತ್ತಾಳೆ ಎಂದೇ ಮಾತಾಡುತ್ತಾರೆ. 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಆರಂಭವಾದಾಗಿನಿಂದ ಬಿಳಿ ಕೋಟನ್ನು ತೋಳಿನ ಮೇಲೆ ಹಾಕಿಕೊಂಡು ನಡೆಯುವ ಹುಡುಗ ಹುಡುಗಿಯರನ್ನು ನೋಡುತ್ತಲೇ ಇಲ್ಲಿ ಎರಡು ತಲೆಮಾರು ಬೆಳೆದಿದೆ. ಎಸ್.ಎಸ್. ವೈದ್ಯಕೀಯ ಕಾಲೇಜೂ ಬಂದ ಮೇಲೆ, ಹತ್ತಿಗಿರಣಿಗಳ ಊರು ಎಂಬ ಹಳೆಯ ಹೆಸರು ಹಿಂದೆ ಸರಿದು, ಕಾಲೇಜುಗಳ ಊರು ಎಂಬುದೇ ಮುಂದಾಯಿತು. ಇಂಥ ಊರಿನಲ್ಲಿ ಮನಸ್ಸಿನ ಸಂದೇಹವನ್ನು ಬಾಯಿಬಿಟ್ಟು ಹೇಳಲು ಮಕ್ಕಳಿಗೆ ಜಾಗ ಸಿಗುವುದಿಲ್ಲ. ಹೇಳಿದರೆ ಓದುವುದಕ್ಕೆ ಬೇಸರ ಎನ್ನುತ್ತಾರೆ, ಇಲ್ಲವೇ "ಎಲ್ಲರಿಗೂ ಹಂಗೇ ಅನ್ಸುತ್ತೆ ಬಿಡು" ಎಂದು ಮಾತು ಮುಗಿಸುತ್ತಾರೆ. ನಾನೂ ಎರಡು ಸಲ ಹಾಗೆಯೇ ಮಾತು ಮುಗಿಸಿದ್ದೆ.

ಮೂರನೆಯ ಸಲ ಮುಗಿಸಲಾಗಲಿಲ್ಲ. ಒಂದು ರಾತ್ರಿ ಊಟವಾದ ಮೇಲೆ ತಟ್ಟೆ ಒರೆಸುತ್ತಾ, "ಸೀಟು ಸಿಗಲಿಲ್ಲ ಅಂದ್ರೆ ಅದು ಬೇರೆ ಮಾತು ಅಮ್ಮ, ಸಿಕ್ಕಿಬಿಟ್ರೆ ಏನು ಮಾಡೋದು?" ಎಂದು ಕೇಳಿದಳು. ಅವಳ ಅಳುಕು ಪರೀಕ್ಷೆಯ ಬಗ್ಗೆ ಅಲ್ಲ, ತನ್ನ ಬಗ್ಗೆ ಎಂದು ನನಗೆ ಆಗ ಅರ್ಥವಾಯಿತು. ಕೂರಿಸಿಕೊಂಡು ಕೇಳಿದಾಗ ಒಂದೊಂದಾಗಿ ಹೊರಬಂತು. ಅಜ್ಜಿಯ ಕಾಲಿನ ಹುಣ್ಣಿಗೆ ಡ್ರೆಸಿಂಗ್ ಮಾಡುವುದನ್ನು ನೋಡಿ ಕಣ್ಣಿಗೆ ಕತ್ತಲೆ ಬಂದು ಬಾಗಿಲಲ್ಲೇ ಕುಸಿದು ಕುಳಿತಿದ್ದಳು. ರಕ್ತ ಕಂಡರೆ ಹೀಗಾಗುವವಳು ಆಪರೇಷನ್ ಥಿಯೇಟರಿನಲ್ಲಿ ನಿಲ್ಲುವುದು ಹೇಗೆ? ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ದ್ರಾವಣವನ್ನು ಹನಿಹನಿಯಾಗಿ ಬಿಡುವ ಗಾಜಿನ ನಳಿಕೆಯ, ಅಂದರೆ ಬ್ಯುರೆಟ್ಟಿನ, ತಿರುಪು ತಿರುಗಿಸುವಾಗ ಕೈ ನಡುಗುತ್ತದೆ. ಹೊಸಬರ ಮುಂದೆ ಬಾಯಿ ಬರುವುದಿಲ್ಲ. ಇದಂತೂ ನನಗೂ ಗೊತ್ತಿದ್ದದ್ದೇ, ಕಿರಾಣಿ ಅಂಗಡಿಗೆ ಫೋನು ಮಾಡಿ ಸಾಮಾನು ಹೇಳು ಎಂದರೆ ನಂಬರು ಒತ್ತಿ ನನ್ನ ಕೈಗೇ ಫೋನು ಕೊಡುವ ಹುಡುಗಿ ಅವಳು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದರಿಂದ ಇಂಗ್ಲಿಷ್ ಪುಸ್ತಕವನ್ನು ಗೆಳತಿಯರಿಗಿಂತ ನಿಧಾನವಾಗಿ ಓದುತ್ತಾಳೆ. ಭೌತಶಾಸ್ತ್ರ ಇನ್ನೂ ಹಿಡಿತಕ್ಕೆ ಬಂದಿಲ್ಲ. ಇಷ್ಟೆಲ್ಲ ಹೇಳಿ, ಜೀವಶಾಸ್ತ್ರದ ಪಾಠದಲ್ಲಿ ಬಂದ ಡಾರ್ವಿನ್ ಕೂಡ ಡಾಕ್ಟರಿಕೆ ಓದಲು ಹೋಗಿ ಬಿಟ್ಟುಬಂದವನಂತೆ, ಅವನಂಥವನಿಗೇ ಆಗಲಿಲ್ಲವಲ್ಲ ಎಂದಳು.

ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವ ನನಗೆ ಇದಕ್ಕೆ ಉತ್ತರ ಗೊತ್ತಿರಲಿಲ್ಲ. ಸಹೋದ್ಯೋಗಿಯೊಬ್ಬರು ಹೇಳಿದ ಮೇಲೆ ಈ ಕೇಂದ್ರಕ್ಕೆ ಹೋದೆವು.

ಪರೀಕ್ಷೆಯ ಕೋಣೆ ಚೊಕ್ಕಟವಾಗಿದೆ, ಗದ್ದಲವಿಲ್ಲ, ಕುಡಿಯುವ ನೀರು, ಶೌಚಾಲಯದ ವ್ಯವಸ್ಥೆ ಚೆನ್ನಾಗಿದೆ. ಪರೀಕ್ಷೆಯಲ್ಲಿ ಎರಡು ಭಾಗ. ಮೊದಲನೆಯದರಲ್ಲಿ ಭಾಷೆ, ಅಂಕಗಣಿತ, ಆಕೃತಿಗಳ ಸರಣಿ, ಮಡಿಸಿದ ಕಾಗದವನ್ನು ಬಿಡಿಸಿದರೆ ಹೇಗೆ ಕಾಣುತ್ತದೆ ಎಂಬಂಥ ಪ್ರಶ್ನೆಗಳು; ಎರಡನೆಯದು ಅಭಿರುಚಿಯ ಪ್ರಶ್ನಾವಳಿ. ಇದು ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಹಾಲೆಂಡ್ ರೂಪಿಸಿದ ಆರು ಬಗೆಯ ವಿಂಗಡಣೆಯನ್ನು ಆಧರಿಸಿದ್ದು. ಕೈಕೆಲಸದ ಒಲವು, ಶೋಧನೆಯ ಒಲವು, ಕಲೆಯ ಒಲವು, ಜನಸೇವೆಯ ಒಲವು, ಮುಂದಾಳುತನದ ಒಲವು, ಕಚೇರಿಯ ಅಚ್ಚುಕಟ್ಟಿನ ಒಲವು ಎಂದು ಆರು ವಿಭಾಗ ಮಾಡಿ, ಯಾರಿಗೆ ಯಾವುದು ಹೆಚ್ಚು ಎಂದು ನೋಡುತ್ತಾರೆ. ಇದು ಜಗತ್ತಿನಾದ್ಯಂತ ಬಳಕೆಯಲ್ಲಿರುವ ವಿಧಾನವೇ ಹೊರತು ಮೋಸದ್ದಲ್ಲ. ಆದರೆ ಅದು ಅಳೆಯುವುದು ಒಲವನ್ನು, ಸಾಮರ್ಥ್ಯವನ್ನಲ್ಲ. ಬಿ.ಇಡಿ. ಓದುವಾಗ ಅಭಿರುಚಿ ಬೇರೆ, ಅಭಿಕ್ಷಮತೆ ಬೇರೆ, ಗಳಿಸಿದ ಕೌಶಲ ಬೇರೆ ಎಂದು ನಾವೆಲ್ಲ ಬರೆದು ಅಂಕ ಪಡೆದವರು. ಈ ಮೂರನ್ನೂ ಒಂದೇ ಪಾತ್ರೆಗೆ ಸುರಿದು ಕಲಸಿದ ಹಾಗೆ ವರದಿ ಇತ್ತು ಎಂಬುದು ನನ್ನ ಮೊದಲ ದೂರು.

ಎರಡನೆಯದು ಭಾಷೆಯ ವಿಷಯ. ಕನ್ನಡದಲ್ಲೂ ಪರೀಕ್ಷೆ ಬರೆಯಬಹುದು ಎಂದು ಹೇಳಿಯೇ ನಮ್ಮನ್ನು ಸೇರಿಸಿಕೊಂಡಿದ್ದರು. ಅಭಿರುಚಿಯ ಪ್ರಶ್ನೆಗಳೇನೋ ಕನ್ನಡದಲ್ಲಿದ್ದವು, ಆದರೆ ಅದು ಯಾರೂ ಆಡದ ಕನ್ನಡ. "ನಿಮ್ಮ ಕೈಗಳಿಂದ ಕೆಲಸ ಮಾಡುವುದನ್ನು ನೀವು ಆನಂದಿಸುತ್ತೀರಾ?" ಎಂಬ ಪ್ರಶ್ನೆಗೆ ಮಗಳು ಇಲ್ಲ ಎಂದು ಗುರುತು ಹಾಕಿದ್ದಾಳೆ. ಏಕೆ ಎಂದರೆ, ಅದು ಪಾತ್ರೆ ತೊಳೆಯುವುದು, ಬಟ್ಟೆ ಒಗೆಯುವುದನ್ನು ಕುರಿತ ಪ್ರಶ್ನೆ ಎಂದುಕೊಂಡೆ ಎಂದಳು. ರೇಷ್ಮೆ ದಾರದಲ್ಲಿ ಗಂಟೆಗಟ್ಟಲೆ ಕಸೂತಿ ಹಾಕುವ, ಈರುಳ್ಳಿಯ ಪೊರೆಯನ್ನು ಒಂದು ಗುಳ್ಳೆಯೂ ಏಳದಂತೆ ಗಾಜಿನ ಪಟ್ಟಿಯ ಮೇಲೆ ಹಾಸುವ ಹುಡುಗಿಗೆ ವರದಿಯಲ್ಲಿ ಕೈಕೆಲಸದ ಒಲವು ಅತಿ ಕಡಿಮೆ ಎಂದು ಬಂದದ್ದು ಹೀಗೆ. ಭಾಷಾ ಸಾಮರ್ಥ್ಯದ ಭಾಗವಂತೂ ಪೂರ್ತಿ ಇಂಗ್ಲಿಷಿನಲ್ಲಿತ್ತು. 'ಕ್ಯಾಂಡಿಡ್' ಎಂಬ ಪದದ ವಿರುದ್ಧಾರ್ಥ ಗೊತ್ತಿಲ್ಲದಿದ್ದರೆ ಇಂಗ್ಲಿಷ್ ಪದಸಂಪತ್ತು ಕಡಿಮೆ ಎಂದು ಹೇಳಬಹುದು; ಭಾಷೆಯ ಮೂಲಕ ಯೋಚಿಸುವ ಶಕ್ತಿಯೇ ಕಡಿಮೆ ಎಂದು ಹೇಳುವುದು ಅನ್ಯಾಯ. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯನ್ನೇ 13 ಭಾಷೆಗಳಲ್ಲಿ ನಡೆಸುತ್ತಾರೆ, ಅವುಗಳಲ್ಲಿ ಕನ್ನಡವೂ ಒಂದು. ದಾವಣಗೆರೆಯಲ್ಲಿ ಕುಳಿತು ನಡೆಸುವ ಆಪ್ಟಿಟ್ಯೂಡ್ ಪರೀಕ್ಷೆಗೆ ಅದು ಸಾಧ್ಯವಾಗದೆ ಹೋದದ್ದಕ್ಕೆ ಯಾವ ಕಾರಣವನ್ನೂ ನಾನು ಒಪ್ಪಲಾರೆ.

ಪರೀಕ್ಷೆ ಮುಗಿದ ಕೂಡಲೇ ಸ್ವಾಗತದ ಮೇಜಿನವರು ಇನ್ನೂ 2,000 ರೂಪಾಯಿ ಕೊಟ್ಟರೆ ಹತ್ತೂ ಬೆರಳಿನ ಗುರುತು ತೆಗೆದು, ಹುಟ್ಟಿನಿಂದ ಬಂದ ಬುದ್ಧಿಶಕ್ತಿ ಯಾವುದು, ಡಾಕ್ಟರ್ ಆಗುವ ಯೋಗ್ಯತೆ ಇದೆಯೇ ಎಂದು ಹೇಳುತ್ತೇವೆ ಎಂದರು. ನಾನು ಬೇಡ ಎಂದೆ. ಬೆರಳಿನ ಗೆರೆಗಳು ತಾಯಿಯ ಗರ್ಭದಲ್ಲಿ ಮೂರು ನಾಲ್ಕು ತಿಂಗಳ ಹೊತ್ತಿಗೇ ಮೂಡುತ್ತವೆ ಎಂಬುದು ನಿಜ. ಅವುಗಳಿಂದ ಬುದ್ಧಿಯ ಬಗೆಯನ್ನೋ ವೃತ್ತಿಯನ್ನೋ ಓದಬಹುದು ಎಂಬುದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಪಕ್ಕದಲ್ಲಿದ್ದ ಇನ್ನೊಬ್ಬ ತಂದೆ, ಜಗಳೂರಿನ ಕಡೆಯ ರೈತರಿರಬೇಕು, ಮಾತಿಲ್ಲದೆ ದುಡ್ಡು ಎಣಿಸಿ ಕೊಟ್ಟರು. ಅವರನ್ನು ತಡೆಯದೆ ಸುಮ್ಮನೆ ನಿಂತದ್ದು ನನಗೆ ಇವತ್ತಿಗೂ ಚುಚ್ಚುತ್ತದೆ. ಅದಕ್ಕಾಗಿ ಇಲ್ಲಿ ಸ್ಪಷ್ಟವಾಗಿ ಬರೆಯುತ್ತಿದ್ದೇನೆ: ಬೆರಳಚ್ಚಿನ ಪರೀಕ್ಷೆಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ವರದಿ ಒಂದು ವಾರಕ್ಕೆ ಬಂತು. ಹೊಳೆಯುವ ಕಾಗದ, ಬಣ್ಣಬಣ್ಣದ ಚಿತ್ರಗಳು, 42 ಪುಟ. ಮಗಳ ಹೆಸರು ಪ್ರತಿ ಪುಟದ ನೆತ್ತಿಯಲ್ಲಿತ್ತು. ಅವಳನ್ನು ಕುರಿತ ಮಾತು ಆರೇಳು ಪುಟಗಳಲ್ಲಿ ಮಾತ್ರ ಇತ್ತು. ಉಳಿದದ್ದೆಲ್ಲ ಯಾರಿಗೆ ಬೇಕಾದರೂ ಕೊಡಬಹುದಾದ ಉಪದೇಶ. ನಡುವೆ ಒಂದು ನೀಟ್ ತರಬೇತಿ ಸಂಸ್ಥೆಯ ಕರಪತ್ರವನ್ನೂ ಸೇರಿಸಿದ್ದರು. ಯೋಗ್ಯತೆ ಅಳೆಯುವವರು ತರಬೇತಿ ಮಾರುವವರ ಕಾಗದವನ್ನು ಅದೇ ಲಕೋಟೆಯಲ್ಲಿ ಇಟ್ಟು ಕೊಟ್ಟರೆ, ಅವರ ಅಳತೆಯನ್ನು ನಂಬುವುದು ಹೇಗೆ ಎಂದು ನಾನು ಅಲ್ಲೇ ಕೇಳಿದೆ. ಅದು ಉಚಿತ ಮಾಹಿತಿ ಮೇಡಂ ಎಂದರು.

ಹನ್ನೊಂದನೆಯ ಪುಟದಲ್ಲಿ ದಪ್ಪ ಅಕ್ಷರದಲ್ಲಿ "ವೈದ್ಯಕೀಯ ವೃತ್ತಿಗೆ ಹೊಂದಾಣಿಕೆ: ಶೇಕಡ 58" ಎಂದಿತ್ತು. ಮಗಳು ಅದೊಂದು ಸಾಲನ್ನು ಓದಿ ವರದಿಯನ್ನು ಮುಚ್ಚಿಟ್ಟಳು. ನಾನು ಒಂದು ಮಾತನ್ನು ಒತ್ತಿ ಹೇಳಬೇಕು. ಇಂಥ ಅಂಕಿಗೆ ಅರ್ಥ ಬರಬೇಕಾದರೆ ಯಾರೊಂದಿಗೆ ಹೋಲಿಸಿ ಇದನ್ನು ಹೇಳಿದ್ದೀರಿ ಎಂಬುದು ಗೊತ್ತಿರಬೇಕು. ನಮ್ಮ ಜಿಲ್ಲೆಯ ಪಿಯುಸಿ ಮಕ್ಕಳೊಂದಿಗೋ, ದೊಡ್ಡ ನಗರಗಳ ಇಂಗ್ಲಿಷ್ ಮಾಧ್ಯಮದವರೊಂದಿಗೋ, ಈಗಾಗಲೇ ಎಂ.ಬಿ.ಬಿ.ಎಸ್. ಓದುತ್ತಿರುವವರೊಂದಿಗೋ? ಇನ್ನೊಮ್ಮೆ ಬರೆದರೆ ಇದೇ ಅಂಕಿ ಬರುತ್ತದೆಯೇ ಎಂಬುದು ವಿಶ್ವಸನೀಯತೆಯ ಪ್ರಶ್ನೆ; ಈ ಅಂಕಿ ಹೆಚ್ಚು ಬಂದವರು ನಿಜವಾಗಿಯೂ ಒಳ್ಳೆಯ ವೈದ್ಯರಾಗಿದ್ದಾರೆಯೇ ಎಂಬುದು ಸಿಂಧುತ್ವದ ಪ್ರಶ್ನೆ. ಎರಡಕ್ಕೂ ವರದಿಯಲ್ಲಿ ಒಂದು ಸಾಲಿನ ಉತ್ತರವೂ ಇರಲಿಲ್ಲ. 58 ಏಕೆ ಎಂದು ಹುಡುಕಿದಾಗ ಸಿಕ್ಕಿದ್ದು, "ರಕ್ತ ಕಂಡರೆ ನಿಮಗೆ ಭಯವಾಗುತ್ತದೆಯೇ?" "ಅಪರಿಚಿತರೊಂದಿಗೆ ಮಾತನಾಡುವುದು ನಿಮಗೆ ಕಷ್ಟವೇ?" ಎಂಬಂಥ ಪ್ರಶ್ನೆಗಳಿಗೆ ಅವಳು ಪ್ರಾಮಾಣಿಕವಾಗಿ ಹೌದು ಎಂದಿದ್ದು. ಸುಳ್ಳು ಹೇಳಿದ್ದರೆ ಹೊಂದಾಣಿಕೆ ಹೆಚ್ಚುತ್ತಿತ್ತು.

ಇಷ್ಟಕ್ಕೇ ಮುಗಿದಿದ್ದರೆ ಈ ವಿಮರ್ಶೆಯನ್ನು ಹೋಗಬೇಡಿ ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದೆ. ಮುಗಿಸದಿರಲು ಕಾರಣ ಆಪ್ತಸಮಾಲೋಚನೆ.

ಆಪ್ತಸಮಾಲೋಚಕರು ಮನಶ್ಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದ, ನಲವತ್ತು ದಾಟಿದ ಮಹಿಳೆ. ವರದಿಯನ್ನು ಎತ್ತಿ ಪಕ್ಕಕ್ಕಿಟ್ಟು, "ರಕ್ತ ಕಂಡ್ರೆ ಭಯ ಅಂತ ಬರ್ದಿದೀಯ. ಯಾವತ್ತು, ಎಲ್ಲಿ, ಏನಾಯ್ತು ಹೇಳಮ್ಮ" ಎಂದರು. ಮಗಳು ಡ್ರೆಸಿಂಗಿನ ದಿನದ ಕಥೆ ಹೇಳಿದಳು. ನಮ್ಮ ಅತ್ತೆಯವರಿಗೆ ಸಕ್ಕರೆ ಕಾಯಿಲೆ, ಎಡಗಾಲಿನ ಹೆಬ್ಬೆರಳ ಬುಡದಲ್ಲಿ ಹುಣ್ಣು. ನರ್ಸಮ್ಮ ಹಳೆಯ ಪಟ್ಟಿ ಬಿಚ್ಚಿದಾಗ ಗಾಜ್ ಬಟ್ಟೆ ಹುಣ್ಣಿಗೆ ಅಂಟಿಕೊಂಡಿತ್ತು, ಸಲೈನ್ ಸುರಿದು ನೆನೆಸಿ ಬಿಡಿಸುವಾಗ ಒಂದೆರಡು ಹನಿ ರಕ್ತ ಬಂತು, ಕಿವಿಯಲ್ಲಿ ಗುಂಯ್ ಎಂದಿತು, ಕೈ ತಣ್ಣಗಾಯಿತು, ಕೂತುಬಿಟ್ಟೆ. "ಆಮೇಲೆ?" ಎಂದರು ಅವರು. ಆಮೇಲೆ ಅಪ್ಪ ನೀರು ಕೊಟ್ಟರು. "ಆಮೇಲೆ? ಮಾರನೇ ದಿನ ಡ್ರೆಸಿಂಗ್ ಇತ್ತಲ್ಲ, ನೀನು ಎಲ್ಲಿದ್ದೆ?" ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಮಾರನೆಯ ದಿನ ಬಾಗಿಲ ಹೊರಗೆ ಇದ್ದೆ, ಮೂರನೆಯ ದಿನ ಕರೆಂಟು ಹೋಗಿತ್ತು, ಟಾರ್ಚು ಹಿಡಿದೆ, ಆ ವಾರದ ಕೊನೆಗೆ ನರ್ಸಮ್ಮನಿಗೆ ಗಾಜ್ ಕತ್ತರಿಸಿ ಕೊಡುತ್ತಿದ್ದೆ ಎಂದಳು. ಒಂದೇ ಮನೆಯಲ್ಲಿದ್ದೂ ಇದನ್ನು ನಾನು ಕೂಡಿಸಿ ನೋಡಿರಲಿಲ್ಲ. 42 ಪುಟದ ವರದಿಯಲ್ಲಿ ಮೊದಲನೆಯ ದಿನ ಮಾತ್ರ ಇತ್ತು.

ಆ ಮೇಲೆ ಅವರು ಕೊಟ್ಟ ವಿವರಣೆ ನನಗೆ ಹೊಸದು. ನಾಯಿ ಕಂಡೋ ಎತ್ತರ ಕಂಡೋ ಹೆದರುವವರಿಗೆ ನಾಡಿ ಮತ್ತು ರಕ್ತದೊತ್ತಡ ಏರುತ್ತವೆ. ರಕ್ತ, ಸೂಜಿ, ಗಾಯ ಕಂಡು ಹೆದರುವವರಲ್ಲಿ ಹಲವರಿಗೆ ಮೊದಲು ಸ್ವಲ್ಪ ಏರಿ, ಥಟ್ಟನೆ ಇಳಿದುಬಿಡುತ್ತವೆ. ಮೆದುಳಿಗೆ ಹೋಗುವ ರಕ್ತ ಆ ಕ್ಷಣಕ್ಕೆ ಕಡಿಮೆಯಾಗಿ ಕಣ್ಣಿಗೆ ಕತ್ತಲೆ ಬರುತ್ತದೆ. ಅದು ದೇಹದ ಒಂದು ಪ್ರತಿಕ್ರಿಯೆ, ಎದೆಗಾರಿಕೆ ಇಲ್ಲ ಎಂಬುದರ ಗುರುತಲ್ಲ. ಅದಕ್ಕೆ ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಲಾರ್ಸ್ ಯೊರಾನ್ ಓಸ್ಟ್ ರೂಪಿಸಿದ ಒಂದು ಅಭ್ಯಾಸವಿದೆ ಎಂದು ಹೇಳಿ ಅಲ್ಲೇ ಕುರ್ಚಿಯಲ್ಲಿ ಮಾಡಿಸಿದರು. ತೋಳು, ಹೊಟ್ಟೆ, ಕಾಲಿನ ಸ್ನಾಯುಗಳನ್ನು ಹತ್ತು ಹದಿನೈದು ಸೆಕೆಂಡು, ಮುಖಕ್ಕೆ ಬಿಸಿ ಏರುವವರೆಗೆ ಬಿಗಿಹಿಡಿಯುವುದು, ಅರ್ಧ ನಿಮಿಷದಷ್ಟು ಸಡಿಲ ಬಿಡುವುದು, ಹೀಗೆ ಐದು ಸಲ. ಕಣ್ಣು ಮಂಜಾಗುವ ಮುನ್ಸೂಚನೆ ಬಂದಾಗ ಇದನ್ನು ಮಾಡಿದರೆ ರಕ್ತದೊತ್ತಡ ಬೀಳದಂತೆ ತಡೆಯಬಹುದು. ಮಗಳ ಮುಷ್ಟಿಯನ್ನು ತಮ್ಮ ಕೈಯಿಂದ ಒತ್ತಿ ನೋಡಿ, "ಇನ್ನೂ ಬಿಗಿ ಹಿಡಿ, ಭುಜ ಎತ್ತಬೇಡ" ಎಂದು ತಿದ್ದಿದರು. ಐದನೆಯ ಸಲ ಅವಳ ಕೆನ್ನೆ ಕೆಂಪೇರಿದ್ದನ್ನು ಕಂಡು ಸಾಕು ಎಂದರು.

ಕೈ ನಡುಗುವ ವಿಷಯಕ್ಕೂ ಅವರು ಇದೇ ದಾರಿ ಹಿಡಿದರು. ಪೊಟ್ಯಾಸಿಯಂ ಪರ್ಮ್ಯಾಂಗನೇಟಿನ ಟೈಟ್ರೇಷನ್ನಿನಲ್ಲಿ, ಅಂದರೆ ಬ್ಯುರೆಟ್ಟಿನಿಂದ ಹನಿಹನಿಯಾಗಿ ಬಿಟ್ಟು ಅಳೆಯುವ ಪ್ರಯೋಗದಲ್ಲಿ, ತೆಳು ಗುಲಾಬಿ ಬಣ್ಣ ನಿಲ್ಲುವ ಆ ಒಂದು ಹನಿಯನ್ನು ಎಷ್ಟು ಸಲ ದಾಟಿಸಿದ್ದೀಯ ಎಂದು ಕೇಳಿದರು. ಪ್ರಯೋಗದ ದಾಖಲೆ ಪುಸ್ತಕ ನೆನಪಿಸಿಕೊಂಡು ಹೇಳುವಾಗ, ಒಬ್ಬಳೇ ಮಾಡಿದಾಗಲೆಲ್ಲ ಎರಡನೆಯ ಮತ್ತು ಮೂರನೆಯ ಅಳತೆ ಒಂದೇ ಬಂದಿವೆ, ಅಂದರೆ ಕೈ ತಪ್ಪಿಲ್ಲ ಎಂಬುದು ಅವಳಿಗೇ ಹೊಳೆಯಿತು. ಕೈ ನಡುಗಿದ್ದು ಉಪನ್ಯಾಸಕರು ಬೆನ್ನ ಹಿಂದೆ ಬಂದು ನಿಂತಾಗ ಮಾತ್ರ. ಅದು ಕೈಯ ದೋಷವಲ್ಲ, ನೋಡುವವರ ಭಯ. ಎರಡಕ್ಕೂ ಬೇರೆ ಬೇರೆ ಪರಿಹಾರ.

ಮಾತು ಬಾರದವಳು ಎಂಬ ಅಳುಕಿಗೆ ಅವರು ಹೇಳಿದ್ದನ್ನು ಎಲ್ಲ ತಂದೆತಾಯಿಯರೂ ತಿಳಿಯಬೇಕು. ನಮ್ಮ ದೇಶದ ನೀಟ್ ಪರೀಕ್ಷೆಯಲ್ಲಿ 180 ಪ್ರಶ್ನೆ, 720 ಅಂಕ. ಜೀವಶಾಸ್ತ್ರದ್ದು 90 ಪ್ರಶ್ನೆ, ಭೌತ ಮತ್ತು ರಸಾಯನಶಾಸ್ತ್ರದ್ದು ತಲಾ 45. ಸರಿಗೆ ನಾಲ್ಕು ಅಂಕ ಸೇರುತ್ತದೆ, ತಪ್ಪಿಗೆ ಒಂದು ಕಳೆಯುತ್ತದೆ. ರೋಗಿಯೊಂದಿಗೆ ಹೇಗೆ ಮಾತಾಡುತ್ತೀಯ, ಇಕ್ಕಟ್ಟಿನಲ್ಲಿ ಏನು ನಿರ್ಧರಿಸುತ್ತೀಯ ಎಂಬುದನ್ನು ಅದು ಕೇಳುವುದೇ ಇಲ್ಲ. ಬ್ರಿಟನ್ನಿನಲ್ಲಿ ವೈದ್ಯಕೀಯ ಸೇರುವವರು ಬರೆಯುವ ಯುಕ್ಯಾಟ್ ಪರೀಕ್ಷೆಯಲ್ಲಿ ಇಂಥ ಸನ್ನಿವೇಶಗಳಿಗೆಂದೇ ಒಂದು ಭಾಗವಿದೆ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಪದ್ಧತಿಯಂತೆ ಅಭ್ಯರ್ಥಿ ಒಂದೊಂದೇ ಕೋಣೆಗೆ ಹೋಗಿ ಸಣ್ಣ ಸಣ್ಣ ಸಂದರ್ಶನಗಳನ್ನು ಎದುರಿಸಬೇಕು. ನಮ್ಮಲ್ಲಿ ಸೇರುವಾಗ ಅದಿಲ್ಲ, ಆದರೆ ಸೇರಿದ ಮೇಲೆ ಇದೆ. 2019ರಿಂದ ಜಾರಿಯಲ್ಲಿರುವ ಹೊಸ ಪಠ್ಯಕ್ರಮದಲ್ಲಿ ಮನೋಭಾವ, ನೈತಿಕತೆ ಮತ್ತು ಸಂವಹನ ಎಂಬುದನ್ನು ನಾಲ್ಕೂವರೆ ವರ್ಷದ ಓದಿನ ಉದ್ದಕ್ಕೂ ಕಲಿಸುತ್ತಾರೆ, ಮೊದಲ ವರ್ಷದಿಂದಲೇ ರೋಗಿಗಳ ಬಳಿಗೆ ಕರೆದೊಯ್ಯುತ್ತಾರೆ. ಆ ಮೇಲೆ ಒಂದು ವರ್ಷ ಇಂಟರ್ನ್‌ಶಿಪ್ ಇದ್ದೇ ಇದೆ. ಕಾಲೇಜು ಐದೂವರೆ ವರ್ಷ ಕಲಿಸಲಿರುವ ವಿಷಯವನ್ನು ಹದಿನೇಳನೆಯ ವಯಸ್ಸಿನಲ್ಲಿ ಇಲ್ಲ ಎಂದು ಬರೆದು ಅಂಕ ಕಳೆಯುವ ವರದಿಯ ದೋಷ ನನಗೆ ಆಗ ಪೂರ್ತಿಯಾಗಿ ಕಂಡಿತು.

ಡಾರ್ವಿನ್ನನ ಮಾತನ್ನೂ ಮಗಳು ಎತ್ತಿದಳು. ಅವರು ನಗಲಿಲ್ಲ, ತಳ್ಳಿಹಾಕಲಿಲ್ಲ. ಹದಿನಾರನೆಯ ವಯಸ್ಸಿನಲ್ಲಿ, 1825ರಲ್ಲಿ, ಅವನನ್ನು ಎಡಿನ್‌ಬರೋಗೆ ಕಳಿಸಿದ್ದು ವೈದ್ಯನಾಗಿದ್ದ ತಂದೆ. ಅವನು ನೋಡಲಾರದೆ ಎದ್ದುಹೋದ ಶಸ್ತ್ರಚಿಕಿತ್ಸೆಗಳಲ್ಲಿ ಒಂದು ಮಗುವಿಗೆ ಮಾಡಿದ್ದು, ಅದೂ ಅರಿವಳಿಕೆಯೇ ಇಲ್ಲದ ಕಾಲದಲ್ಲಿ. ಈಥರ್, ಕ್ಲೋರೋಫಾರ್ಮ್ ಬಳಕೆಗೆ ಬಂದದ್ದು 1840ರ ದಶಕದ ನಡುವೆ. "ಆ ಕೂಗು ಕೇಳಿ ಎದ್ದು ಹೋದವನಿಗೆ ಕರುಣೆ ಇರಲಿಲ್ಲ ಅಂತೀಯಾ?" ಎಂದಷ್ಟೇ ಕೇಳಿದರು. ಆದರೆ ಅವನಿಗೆ ಓದೂ ರುಚಿಸಿರಲಿಲ್ಲ, ಬಿಟ್ಟದ್ದು ತಪ್ಪೂ ಆಗಲಿಲ್ಲ ಎಂಬುದನ್ನು ಮುಚ್ಚಿಡಲಿಲ್ಲ. ಬಿಡುವುದಾದರೆ ನೋಡಿ ಬಿಡು, ನೋಡದೆ ಹೆದರಿ ಬಿಡಬೇಡ ಎಂದು ಹೇಳಿ, ಪರಿಚಯದ ವೈದ್ಯರೊಬ್ಬರನ್ನು ಕೇಳಿಕೊಂಡು ಮೂರು ಬೆಳಿಗ್ಗೆ ಅವರ ಕೋಣೆಯ ಮೂಲೆಯಲ್ಲಿ ಕುಳಿತು ಬರಲು ಸೂಚಿಸಿದರು. ನೋಡಬೇಕಾದದ್ದು ರೋಗಿಗಳನ್ನಲ್ಲ, ವೈದ್ಯರನ್ನು. ಕಂಡದ್ದನ್ನು ನೋಟ್‌ಬುಕ್ಕಿನಲ್ಲಿ ಬರೆಯಬೇಕು, ರೋಗಿಗಳ ಹೆಸರು ಬರೆಯಬಾರದು.

ನಿಟ್ಟುವಳ್ಳಿಯಲ್ಲಿ ನಮ್ಮ ಮನೆಯವರನ್ನೆಲ್ಲ ನೋಡುವ ವೈದ್ಯರು ಒಪ್ಪಿದರು. ಪ್ರತಿಯೊಬ್ಬ ರೋಗಿಯನ್ನೂ ಕೇಳಿ, ಅವರು ಆಗಲಿ ಎಂದರೆ ಮಾತ್ರ ಮಗಳನ್ನು ಕೂರಿಸಿಕೊಳ್ಳುತ್ತಿದ್ದರು, ದೇಹ ಪರೀಕ್ಷೆಯ ಹೊತ್ತಿಗೆ ಹೊರಗೆ ಕಳಿಸುತ್ತಿದ್ದರು. ಎರಡನೆಯ ದಿನ ವಯಸ್ಸಾದವರೊಬ್ಬರು ಬಂದು "ತಲಿ ತಿರುಗ್ತೈತ್ರಿ" ಎಂದರಂತೆ. ವೈದ್ಯರು ಮಾತ್ರೆ ಬರೆಯಲಿಲ್ಲ. "ಮನಿ ಗೋಡಿ ಗರಗರ ತಿರುಗಿದಂಗ ಆಗ್ತೈತೋ, ಎದ್ದು ನಿಂತಾಗ ಕಣ್ಣಿಗೆ ಕತ್ತಲಿ ಬರ್ತೈತೋ?" ಎಂದು ಕೇಳಿದರು. ಎದ್ದು ನಿಂತಾಗ ಎಂದು ಉತ್ತರ ಬಂತು. ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ರಕ್ತದೊತ್ತಡ ನೋಡಿದರು. ಗೋಡೆ ತಿರುಗಿದಂತಾದರೆ ಒಳಗಿವಿಯ ಕಡೆ, ಕತ್ತಲೆ ಬಂದರೆ ರಕ್ತದೊತ್ತಡದ ಕಡೆ ಮೊದಲು ಯೋಚಿಸಬೇಕು ಎಂದು ಆಮೇಲೆ ಅವಳಿಗೆ ವಿವರಿಸಿದರು. ಮಗಳು ಸಂಜೆ ಮನೆಗೆ ಬಂದು ಹೇಳಿದ್ದು ಇದನ್ನೇ: ತಲೆ ತಿರುಗುವುದು ಎಂಬ ಒಂದೇ ಮಾತಿನಲ್ಲಿ ಎರಡು ಕಾಯಿಲೆ ಅಡಗಿವೆ, ಅದನ್ನು ಬಿಡಿಸಿದ್ದು ಕನ್ನಡ. ಕನ್ನಡ ಮಾಧ್ಯಮದಲ್ಲಿ ಓದಿದ್ದು ಕೊರತೆ ಎಂದುಕೊಂಡಿದ್ದವಳ ಬಾಯಿಂದ ಇದು ಬಂದದ್ದಕ್ಕೆ ನಾನು ಆ ವೈದ್ಯರಿಗೂ ಆ ಆಪ್ತಸಮಾಲೋಚಕರಿಗೂ ಋಣಿ. ಜಗಳೂರು, ಹರಪನಹಳ್ಳಿ, ಹೊನ್ನಾಳಿಯ ಕಡೆಯಿಂದ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಬಂದು ಸಾಲಿನಲ್ಲಿ ಕೂರುವವರು ತಮ್ಮ ನೋವನ್ನು ಹೇಳುವುದು ಇದೇ ಮಾತಿನಲ್ಲಿ.

ಆಪ್ತಸಮಾಲೋಚನೆಯಲ್ಲೂ ಕೊರತೆ ಇಲ್ಲದಿರಲಿಲ್ಲ. ಯೋಗ್ಯತೆಯ ಪ್ರಶ್ನೆ ಬೇರೆ, ಸೀಟಿನ ಪ್ರಶ್ನೆ ಬೇರೆ ಎಂದು ಅವರು ಇನ್ನಷ್ಟು ಬಿಡಿಸಿ ಹೇಳಬೇಕಿತ್ತು. ದೇಶದಲ್ಲಿ ನೀಟ್‌ಗೆ ಹೆಸರು ನೋಂದಾಯಿಸುವವರು 20 ಲಕ್ಷಕ್ಕೂ ಹೆಚ್ಚು, ಎಂ.ಬಿ.ಬಿ.ಎಸ್. ಸೀಟುಗಳು ಸುಮಾರು ಒಂದೂಕಾಲು ಲಕ್ಷ. ಸೀಟು ತಪ್ಪಿದ ಮಕ್ಕಳಲ್ಲಿ ಬಹುಪಾಲು ಮಂದಿ ತಾವು ವೈದ್ಯರಾಗಲು ಯೋಗ್ಯರಲ್ಲ ಎಂದೇ ತಿಳಿದು ಕುಗ್ಗುತ್ತಾರೆ, ಆದರೆ ಅದು ಯೋಗ್ಯತೆಯ ತೀರ್ಪಲ್ಲ, ಸ್ಥಾನಗಳ ಲೆಕ್ಕ. ಭೌತಶಾಸ್ತ್ರದ ಬಗ್ಗೆ ಅವರು ನೇರವಾಗಿ, ಅದು ಒಳಗೆ ಹೋಗುವ ಬಾಗಿಲಿಗೆ ಬೇಕಾದ ಕೀಲಿ, ದಿನಕ್ಕೆ ಇಷ್ಟು ಗಂಟೆ ಲೆಕ್ಕ ಬಿಡಿಸದೆ ಬೇರೆ ದಾರಿಯಿಲ್ಲ ಎಂದದ್ದು ಸರಿ. ಆದರೆ ನರ್ಸಿಂಗ್ ಬಗ್ಗೆ, ಫಿಸಿಯೋಥೆರಪಿ, ಪ್ರಯೋಗಾಲಯ ತಂತ್ರಜ್ಞಾನ, ವಿಕಿರಣ ಚಿತ್ರಣ, ಅರಿವಳಿಕೆ ತಂತ್ರಜ್ಞಾನ ಮುಂತಾದ ಪೂರಕ ಆರೋಗ್ಯ ವೃತ್ತಿಗಳ ಬಗ್ಗೆ, ಅವುಗಳಿಗೆಂದೇ 2021ರಲ್ಲಿ ಕೇಂದ್ರ ಕಾನೂನು ಬಂದಿರುವ ಬಗ್ಗೆ ನಾನಾಗಿ ಕೇಳುವವರೆಗೆ ಮಾತು ಬರಲಿಲ್ಲ. ಒಂದು ಗಂಟೆ ಸಾಲದು ಎಂಬುದೂ ನಿಜ.

ಹೊರಡುವಾಗ ಅವರು ಒಂದು ಚೀಟಿಯಲ್ಲಿ 14416 ಎಂದು ಬರೆದುಕೊಟ್ಟರು. ಇದು 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಉಚಿತ, ಕನ್ನಡದಲ್ಲೂ ಮಾತಾಡಬಹುದು. ಸಂದೇಹ ನಿದ್ದೆ ಕೆಡಿಸುವಷ್ಟಾದರೆ ಆರು ತಿಂಗಳ ಭೇಟಿಗೆ ಕಾಯಬಾರದು ಎಂದರು. ಇಂಥ ಕೇಂದ್ರಗಳ ಗೋಡೆಯ ಮೇಲೆ ರ‍್ಯಾಂಕ್ ಪಡೆದವರ ಚಿತ್ರಗಳ ಪಕ್ಕದಲ್ಲಿ ಈ ಸಂಖ್ಯೆಯೂ ಇರಬೇಕು.

ಹೋಗುವವರಿಗೆ ನನ್ನ ಸಲಹೆ ಇಷ್ಟು. ದುಡ್ಡು ಕಟ್ಟುವ ಮೊದಲೇ ಆಪ್ತಸಮಾಲೋಚನೆಯನ್ನು ಮಾತ್ರ ಪಡೆಯಬಹುದೇ ಎಂದು ಕೇಳಿ. ನಾವು ಕೇಳಿರಲಿಲ್ಲ, ಆಮೇಲೆ ವಿಚಾರಿಸಿದಾಗ 1,200 ರೂಪಾಯಿಗೆ ಅದೊಂದನ್ನೇ ಕೊಡುತ್ತೇವೆ ಎಂದರು. ಮಾತಾಡುವವರು ಏನು ಓದಿದ್ದಾರೆ, ತರಬೇತಿ ಸಂಸ್ಥೆಗಳೊಂದಿಗೆ ಕೇಂದ್ರಕ್ಕೆ ಸಂಬಂಧವಿದೆಯೇ ಎಂದೂ ಕೇಳಿ. ಪರೀಕ್ಷೆ ಬರೆಯಲೇಬೇಕೆಂದಿದ್ದರೆ ಪೂರ್ತಿ ಕನ್ನಡದಲ್ಲಿದೆಯೇ ಎಂದು ಒಂದು ಮಾದರಿ ಪುಟವನ್ನು ತೋರಿಸಲು ಹೇಳಿ. ತಂದೆತಾಯಿ ಒಳಗೆ ಕುಳಿತಿದ್ದರೆ ಮಕ್ಕಳು ಕೆಲವು ಮಾತನ್ನು ಆಡುವುದಿಲ್ಲ. ನಾನು ಕೊನೆಯ ಇಪ್ಪತ್ತು ನಿಮಿಷ ಹೊರಗೆ ಇದ್ದೆ, ಮೊದಲಿನಿಂದಲೇ ಹೊರಗಿರಬೇಕಿತ್ತು. ಪರೀಕ್ಷೆ ಮತ್ತು ವರದಿಗೆ ಐದರಲ್ಲಿ ಒಂದು ನಕ್ಷತ್ರ ಕೊಡುತ್ತೇನೆ, ಆಪ್ತಸಮಾಲೋಚನೆಗೆ ನಾಲ್ಕೂವರೆ.

ಎರಡನೆಯ ಭೇಟಿ ಇನ್ನೂ ಬಾಕಿ ಇದೆ. ವರದಿ ತರುವುದು ಬೇಡ, ನೋಟ್‌ಬುಕ್ ತಾ ಎಂದಿದ್ದಾರೆ. ಪ್ರಾಯೋಗಿಕ ಪರೀಕ್ಷೆ ಮುಗಿದ ಮೇಲಿನ ಶನಿವಾರ ಬೆಳಿಗ್ಗೆ ಹತ್ತೂವರೆಗೆ ಸಮಯ ಸಿಕ್ಕಿದೆ. ಕೇಂದ್ರಕ್ಕೆ ಫೋನು ಮಾಡಿ ಅದನ್ನು ಗೊತ್ತುಮಾಡಿಕೊಂಡದ್ದು ಮಗಳೇ.